ತೆಕ್ಯೊನ್ ತತ್ವವೂ ನನ್ನ ಮೊಳಕಾಲೂ

ನನ್ನ ಹೆಸರು ವೀರಭದ್ರ. ದಕ್ಷನ ತಲೆ ತರಿದ ದೇವರ ಹೆಸರು. ಹಾಗೆ ಹೆಸರಿಟ್ಟ ನಮ್ಮ ಅಜ್ಜನಿಗೆ ಏನೇನು ಆಸೆಯಿತ್ತೋ ಗೊತ್ತಿಲ್ಲ. ಐವತ್ತನಾಲ್ಕು ವರ್ಷದ ಈ ಬಾಳಿನಲ್ಲಿ ನಾನು ತರಿದದ್ದು ಬೆಂಡೆಕಾಯಿಯ ತೊಟ್ಟು ಮಾತ್ರ. ಅದನ್ನೂ ನೆಟ್ಟಗೆ ತರಿಯುವುದಿಲ್ಲವೆಂದು ನನ್ನ ಹೆಂಡತಿ ಚನ್ನಬಸವ್ವ ಹೇಳುತ್ತಾಳೆ. ಹನ್ನೆರಡನೆಯ ವಯಸ್ಸಿನಲ್ಲಿ ಸೋದರಮಾವ ನನ್ನನ್ನು ವಿಜಯಪುರದ ಒಂದು ಗರಡಿಗೆ ಸೇರಿಸಿದ್ದ. ಮೂರನೆಯ ದಿನ ಕೆಮ್ಮಣ್ಣು ಕಣ್ಣಿಗೆ ಬಿತ್ತೆಂದು ಓಡಿಬಂದವನು ಮತ್ತೆ ಆ ಓಣಿಯ ಕಡೆ ಹೋಗಲಿಲ್ಲ. ಮಾರ್ಕೆಟ್ಟಿಗೆ ಹೋಗಲು ಸುತ್ತುದಾರಿ ಹಿಡಿಯುತ್ತಿದ್ದೆ.

ಈಗ ಇರುವುದು ಕ್ರೋಯ್ಡನ್‌ನಲ್ಲಿ. ದಕ್ಷಿಣ ಲಂಡನ್ನಿನ ಒಂದು ಕೌನ್ಸಿಲ್‌ನ ಪ್ಲ್ಯಾನಿಂಗ್ ಆಫೀಸಿನಲ್ಲಿ ಇಪ್ಪತ್ತೊಂದು ವರ್ಷದಿಂದ ಕೆಲಸ. ಯಾರಾದರೂ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸಲು ಅರ್ಜಿ ಹಾಕಿದರೆ ಪಕ್ಕದ ಮನೆಯವರು ತಕರಾರು ಬರೆಯುತ್ತಾರೆ. ನಮ್ಮ ಬಿಸಿಲು ಹೋಯಿತು, ನಮ್ಮ ಗುಲಾಬಿ ಒಣಗಿತು, ಅವರ ಕಿಟಕಿ ನಮ್ಮ ಬಚ್ಚಲನ್ನು ನೋಡುತ್ತದೆ, ಹೀಗೆ. ಅವನ್ನೆಲ್ಲ ಓದಿ, ನಂಬರು ಹಾಕಿ, ಉತ್ತರ ಬರೆಯುವುದು ನನ್ನ ಉದ್ಯೋಗ. ಆದ್ದರಿಂದ ಜಗಳದ ವಿಷಯದಲ್ಲಿ ನನಗೆ ಅಪಾರ ಜ್ಞಾನವಿದೆ, ಅನುಭವ ಮಾತ್ರ ಇಲ್ಲ.

ಇಂಥವರು ಸಾಮಾನ್ಯವಾಗಿ ಭಾಷಣಕಾರರಾಗುತ್ತಾರೆ. ನಾನೂ ಆದೆ.

ನಮ್ಮ ಭಾಗದ ಕನ್ನಡಿಗರೆಲ್ಲ ಸೇರಿ ತಿಂಗಳಿಗೊಮ್ಮೆ ಒಂದು ಹಾಲ್‌ನಲ್ಲಿ ಕೂಡುತ್ತೇವೆ. ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವುದು, ಆಮೇಲೆ ಯಾರದಾದರೂ ಒಂದು ಮಾತು ಕೇಳುವುದು. ಅಲ್ಲಿ ನನಗೊಂದು ಖ್ಯಾತಿಯಿತ್ತು. ಯಾವ ವಿಷಯ ಎತ್ತಿದರೂ ಅದರ ಮೂಲ ನಮ್ಮ ದೇಶದಲ್ಲೇ ಇದೆಯೆಂದು ನಾನು ಹತ್ತು ನಿಮಿಷದಲ್ಲಿ ಸಾಧಿಸಿ ತೋರಿಸುತ್ತಿದ್ದೆ. ಸೊನ್ನೆ, ಚದುರಂಗ ಎಂಬ ನಿಜವಾದ ಸಂಗತಿಗಳಿಂದ ಶುರುವಾದದ್ದು, ಬರಬರುತ್ತ ಸ್ಕಾಟ್ಲೆಂಡಿನ ಚೀಲದ ವಾದ್ಯದವರೆಗೆ ಹೋಗಿತ್ತು. ಯಾರೂ ಎದುರಾಡುತ್ತಿರಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ. ಅವರೆಲ್ಲ ಊಟ ಮುಗಿಸಿ ಮೊಸರನ್ನದ ಮಂಪರಿನಲ್ಲಿರುತ್ತಿದ್ದರು ಎಂಬುದು ತಡವಾಗಿ ಹೊಳೆಯಿತು.

ಕಳೆದ ವರ್ಷದ ಜುಲೈಯಲ್ಲಿ ಕೂಟದ ಕಾರ್ಯದರ್ಶಿ ಮಧುಸೂದನ್ ನನ್ನ ಬಳಿ ಬಂದ. ಬೆಂಗಳೂರಿನ ಹುಡುಗ, ಬ್ಯಾಂಕೊಂದರ ಐಟಿ ವಿಭಾಗದಲ್ಲಿದ್ದಾನೆ, ಯಾವಾಗಲೂ ಅವಸರ.

"ಸಾರ್, ಅಕ್ಟೋಬರ್ ತಿಂಗಳಿಗೆ ಯಾರೂ ಸಿಕ್ತಾ ಇಲ್ಲ. ನೀವೇ ಏನಾದ್ರೂ ಮಾತಾಡಿಬಿಡಿ."

ನನ್ನ ಮಗಳು ಸ್ಫೂರ್ತಿ ಆಗ ತಾನೇ ಶಾಲೆಯ ಗೆಳತಿಯೊಬ್ಬಳ ಜೊತೆ ನ್ಯೂ ಮಾಲ್ಡನ್‌ಗೆ ಹೋಗಿ ತೆಕ್ಯೊನ್ ಎಂಬ ಕೊರಿಯಾದ ಹಳೆಯ ಕಾಳಗದ ಕಲೆ ಕಲಿಯಲು ಶುರು ಮಾಡಿದ್ದಳು. ನ್ಯೂ ಮಾಲ್ಡನ್ ಎಂದರೆ ಅಂಗಡಿ ಬೋರ್ಡುಗಳೂ ಕೊರಿಯನ್ ಲಿಪಿಯಲ್ಲಿರುವ ಊರು. ಆ ಕಲೆಯ ಬಗ್ಗೆ ನಾನು ಫೋನಿನಲ್ಲಿ ಎರಡು ಪುಟ ಓದಿದ್ದೆ.

"ತೆಕ್ಯೊನ್ ಅಂತ ಕೊರಿಯಾದಾಗ ಒಂದು ಕಲಾ ಅದ. ಅದರ ತಾತ್ವಿಕ ಬೇರುಗಳು ಅಂತ ಮಾತಾಡ್ತೀನಿ," ಎಂದೆ.

"ಸೂಪರ್ ಸಾರ್! ನೀವು ಅದನ್ನ ಕಲ್ತಿದೀರಾ?"

"ಬೇರು ನೋಡ್ಲಾಕ ಗಿಡಾ ಹತ್ತಬೇಕಂತೇನಿಲ್ಲಪಾ."

ಈ ಮಾತು ನನಗೇ ಬಹಳ ಹಿಡಿಸಿತು. ಕಾರಿನಲ್ಲಿ ಮನೆಗೆ ಬರುವಾಗ ಹೆಂಡತಿಗೆ ಮತ್ತೊಮ್ಮೆ ಹೇಳಿದೆ. ಅವಳು ಧಾರವಾಡದವಳು, ಜಿಪಿ ಎನ್ನುವ ಇಲ್ಲಿನ ಕುಟುಂಬ ವೈದ್ಯರ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೂರುತ್ತಾಳೆ. ದಿನಕ್ಕೆ ನೂರು ಜನರ ರೋಗ ಕೇಳಿ ಕೇಳಿ ಅವಳಿಗೆ ಯಾರ ಮೇಲೂ ಭ್ರಮೆ ಉಳಿದಿಲ್ಲ.

"ರೀ, ಒಂದು ಕಾಲ ಮ್ಯಾಲ ನಿಂತು ಪ್ಯಾಂಟ್ ಹಾಕ್ಕೊಳ್ಳಾಕ ಬರಂಗಿಲ್ಲ ನಿಮಗ. ಗ್ವಾಡಿ ಹಿಡೀತೀರಿ. ನೀವೇನ್ ಹೇಳ್ತೀರಿ ಕಾಳಗದ ಬಗ್ಗೆ?"

ಸ್ಫೂರ್ತಿಗೆ ಹದಿನಾರು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಿಂದಿನ ಸೀಟಿನಿಂದ ಅವಳು, ಅಪ್ಪ ಒಂದು ದಿನವಾದರೂ ಕ್ಲಾಸಿಗೆ ಬಂದು ನೋಡುವುದು ಒಳ್ಳೆಯದು ಎಂದಳು. ಸರಿ, ಪುರಾವೆ ಸಂಗ್ರಹಿಸಿದಂತಾಯಿತು ಎಂದು ನಾನೂ ಒಪ್ಪಿದೆ.

ನನ್ನ ವಾದ ಆಗಲೇ ಸಿದ್ಧವಾಗಿತ್ತು. ನಮ್ಮ ದಕ್ಷಿಣದಿಂದ ಒಬ್ಬ ಭಿಕ್ಷು ಚೀನಾಕ್ಕೆ ಹೋದನೆಂದು ಐತಿಹ್ಯ. ಹೋಗುವವನು ಗರಡಿ ವಿದ್ಯೆಯನ್ನೂ ಗಂಟು ಕಟ್ಟಿಕೊಂಡೇ ಹೋಗಿರಬೇಕು. ಚೀನಾದಿಂದ ಕೊರಿಯಾಕ್ಕೆ ಎಷ್ಟು ದೂರ? ಮುಗಿಯಿತು. ಉಳಿದದ್ದು ಬಾಣದ ಗುರುತು ಹಾಕಿದ ನಕಾಶೆ ಮಾತ್ರ.

ಗುರುವಾರ ಸಂಜೆ ಟ್ರಾಮ್ ಹಿಡಿದು ವಿಂಬಲ್ಡನ್‌ಗೆ, ಅಲ್ಲಿಂದ ರೈಲಿನಲ್ಲಿ ಎರಡು ಸ್ಟೇಷನ್. ಚರ್ಚಿನ ಹಿಂದಿನ ಹಾಲ್‌ನಲ್ಲಿ ಹನ್ನೆರಡು ಜನ ಬಿಳಿಯ ಸಡಿಲ ಬಟ್ಟೆ ತೊಟ್ಟು ನಿಂತಿದ್ದರು. ಗುರು ಪ್ಯೋ ಎಂಬವರು. ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಹಗಲು ಡ್ರೈ ಕ್ಲೀನಿಂಗ್ ಅಂಗಡಿ ನಡೆಸುತ್ತಾರೆ, ವಾರಕ್ಕೆ ಎರಡು ಸಂಜೆ ಇದನ್ನು ಕಲಿಸುತ್ತಾರೆ. ಇಂಗ್ಲಿಷ್ ಮಾತು ಕಡಿಮೆ, ಆದರೆ ಆಡಿದ್ದು ಸ್ಪಷ್ಟ.

ನಾನು ನೋಟ್‌ಬುಕ್ ತೆರೆದು ಗಂಭೀರವಾಗಿ ಕೇಳಿದೆ: "ಮಾಸ್ತರೇ, ಈ ಕಲೆಯ ತತ್ವದ ಬೇರು ಎಲ್ಲಿದೆ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೊಳಕಾಲಿನಲ್ಲಿ," ಎಂದರು. "ಬೂಟು ಬಿಚ್ಚಿ."

ಮೊಳಕಾಲು ಎಂದು ಬರೆದುಕೊಂಡು, ಪಕ್ಕದಲ್ಲಿ ಮೂಲಾಧಾರ ಚಕ್ರ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಆ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ಅಂದು ಒಂದೂವರೆ ಗಂಟೆ ನಾನು ಮಾಡಿದ್ದು ಹೆಜ್ಜೆ ಹಾಕುವುದೊಂದೇ. ನೆಲದ ಮೇಲೆ ಕಾಣದ ಒಂದು ತ್ರಿಕೋನವಿದೆಯೆಂದು ತಿಳಿದು ಅದರ ಮೂರು ಮೂಲೆಗಳನ್ನು ತುಳಿಯುತ್ತಾ ಹೋಗಬೇಕು. ಒಂದು ಕಾಲು ಮುಂದೆ, ಮೊಳಕಾಲು ಸಡಿಲ, ಸೊಂಟ ತೂಗಬೇಕು, ಹಿಂದಕ್ಕೆ ಬರಬೇಕು, ಮತ್ತೆ ಇನ್ನೊಂದು ಕಾಲು. ಜೊತೆಗೆ ಹೊಟ್ಟೆಯಿಂದ "ಇಕ್! ಎಕ್!" ಎಂಬ ಕೂಗು. ನೋಡಿದರೆ ಕಾಳಗವೆನಿಸುವುದಿಲ್ಲ, ಯಾರೋ ತೊಟ್ಟಿಲು ತೂಗುತ್ತಾ ನಡೆದಂತೆ ಕಾಣುತ್ತದೆ. ನಾನು ಮಾಡಿದಾಗ ಬಿಸಿ ಮರಳಿನ ಮೇಲೆ ಚಪ್ಪಲಿ ಕಳೆದುಕೊಂಡವನಂತೆ ಕಂಡಿತೆಂದು ಮಗಳು ಮನೆಯಲ್ಲಿ ವರದಿ ಮಾಡಿದಳು. ಮರುದಿನ ಆಫೀಸಿನಲ್ಲಿ ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತುವಾಗ ನಾನು ಅದೇ ಸದ್ದು ಮಾಡಿದೆ, ಯಾರೂ ಹೇಳದೆಯೇ.

ಹೋಗುವುದು ಬಿಡಬಹುದಿತ್ತು. ಆದರೆ ಪೋಸ್ಟರ್ ಆಗಲೇ ವಾಟ್ಸಾಪ್‌ನಲ್ಲಿ ಬಂದುಬಿಟ್ಟಿತ್ತು. ಮಧುಸೂದನ್ ನನ್ನ ಹೆಸರಿನ ಕೆಳಗೆ "ತೆಕ್ಯೊನ್ ಸಂಶೋಧಕರು" ಎಂದು ಹಾಕಿಸಿದ್ದ. ಸಂಶೋಧಕ ಬರೀ ಒಂದು ದಿನ ಹೋಗಿಬಂದ ಎಂದಾಗಬಾರದಲ್ಲ. ಪ್ರತಿ ಗುರುವಾರ ಹೋದೆ.

ನಾಲ್ಕನೆಯ ವಾರ ಜೋಡಿಯಾಟಕ್ಕೆ ನಿಲ್ಲಿಸಿದರು. ನನ್ನ ಎದುರಿಗೆ ಬಂದವರು ಗೋ ಎಂಬ ಅಜ್ಜಿ. ಅರವತ್ತೊಂಬತ್ತು ವರ್ಷ, ನನ್ನ ಭುಜದಷ್ಟು ಎತ್ತರ, ಮೂವತ್ತು ವರ್ಷ ತರಕಾರಿ ಅಂಗಡಿ ನಡೆಸಿ ನಿವೃತ್ತಿಯಾದವರು. ಇವರ ಮೇಲೆ ಕಾಲೆತ್ತುವುದು ಹೇಗೆ ಎಂದು ನಾನು ಧರ್ಮಸಂಕಟದಲ್ಲಿದ್ದೆ. ಅಜ್ಜಿ ತಲೆಬಾಗಿ ವಂದಿಸಿದರು, ನಾನೂ ವಂದಿಸಿದೆ. ನಾನು ತಲೆ ಎತ್ತಿ ಎರಡು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಕಣಕಾಲಿಗೆ ಏನೋ ತಾಗಿದಂತಾಯಿತು. ನೋವಿಲ್ಲ. ಆದರೆ ನಾನು ಚಾಪೆಯ ಮೇಲೆ ಕೂತಿದ್ದೆ. ಅಜ್ಜಿ ಎರಡೂ ಕೈಯಿಂದ ನನ್ನ ತೋಳು ಹಿಡಿದಿದ್ದರು. ಬೀಳುತ್ತಿದ್ದಾಗಲೇ ಹಿಡಿದಿದ್ದರಂತೆ, ತಲೆ ನೆಲಕ್ಕೆ ಬಡಿಯದಿರಲೆಂದು. ಆಮೇಲೆ ಕ್ಷಮೆ ಕೇಳಿ, ಚೀಲದಿಂದ ಅಕ್ಕಿಹಿಟ್ಟಿನ ಸಿಹಿಯೊಂದನ್ನು ತೆಗೆದು ಕೊಟ್ಟರು.

ಹಾಗೆ ಆರು ಸಲ ಬಿದ್ದೆ. ಪ್ಯೋ ಮಾಸ್ತರು ಬಂದು ನನ್ನ ಬಲಗಾಲನ್ನು ಬೆರಳಿನಿಂದ ತೋರಿಸಿದರು.

"ನಿಮ್ಮ ಕಾಲು ಯಾವಾಗಲೂ ಹಿಂದೆ ಇರುತ್ತದೆ. ಮುಂದಿಡಿ. ಅಜ್ಜಿಗೆ ಸಿಗುವ ಹಾಗೆ ಇಡಿ."

"ಸಿಗುವ ಹಾಗೆ ಇಟ್ಟರೆ ಬೀಳಿಸುತ್ತಾರಲ್ಲ?"

"ಹೌದು. ಅವರೂ ಇಡುತ್ತಾರೆ. ನಿಮಗೆ ಸಿಗುವ ಹಾಗೆ. ಇದಕ್ಕೆ ದೇಜೊಪ್ ಅನ್ನುತ್ತೇವೆ."

ದೇಜೊಪ್ ಅಂದರೇನು ಎಂದು ಕೇಳಿದೆ. ಅವರು ಇಂಗ್ಲಿಷ್ ಶಬ್ದಕ್ಕಾಗಿ ತಡಕಾಡಿದರು. ಮನೆಗೆ ಬಂದವರನ್ನು ಕೂರಿಸಿ, ಇದ್ದದ್ದನ್ನು ಮುಂದಿಟ್ಟು, ಆದರದಿಂದ ನೋಡಿಕೊಳ್ಳುವುದಕ್ಕೆ ತಮ್ಮ ಭಾಷೆಯಲ್ಲಿ ಹಾಗೆನ್ನುತ್ತಾರೆ ಎಂದರು. ಎದುರಾಳಿಯೂ ಅತಿಥಿಯೇ. ಅವನು ಒದೆಯಲೆಂದು ನಮ್ಮ ಕಾಲನ್ನು ಮುಂದಿಡಬೇಕು. ಒದೆಯುವಾಗಲೂ ಸಿಡಿದು ಹೊಡೆಯಬಾರದು, ಮೆಲ್ಲಗೆ ತಾಗಿಸಿ ನೂಕಬೇಕು. ಬೀಳಬೇಕು, ಗಾಯವಾಗಬಾರದು. ಹಿಂದೆ ಮೇಲಿನ ಊರಿನವರೂ ಕೆಳಗಿನ ಊರಿನವರೂ ಹಬ್ಬದಲ್ಲಿ ಹೀಗೆ ಆಡುತ್ತಿದ್ದರಂತೆ. ಮರುದಿನ ಅದೇ ಜನ ಒಂದೇ ಗದ್ದೆಯಲ್ಲಿ ಕೆಲಸ ಮಾಡಬೇಕಲ್ಲ, ಕಾಲು ಮುರಿದರೆ ನಷ್ಟ ಯಾರಿಗೆ?

"ನೀವು ಬಾಗಿಲು ಹಾಕಿಕೊಂಡು ಆಡುತ್ತೀರಿ," ಎಂದರು ಮಾಸ್ತರು. ಕೋಪದಿಂದಲ್ಲ, ಹವಾಮಾನ ಹೇಳಿದಂತೆ.

ರೈಲಿನಲ್ಲಿ ಬರುವಾಗ ಆ ಮಾತು ಕೊರೆಯಿತು. ವಿಜಯಪುರದ ನಮ್ಮ ಮನೆಯಲ್ಲಿ ಹಾದಿಯಲ್ಲಿ ಹೋಗುವವರನ್ನೂ ಕರೆದು ರೊಟ್ಟಿ ತಿನ್ನಿಸುತ್ತಿದ್ದರು. ಅದೇ ಮನೆಯ ಕುಡಿಯಾದ ನಾನು, ಕ್ರೋಯ್ಡನ್‌ನಲ್ಲಿ ಬೆಲ್ ಆದರೆ ಟಿವಿಯ ದನಿ ಇಳಿಸಿ, ಉಸಿರು ಬಿಗಿ ಹಿಡಿದು ಕೂರುತ್ತೇನೆ. ಒಮ್ಮೆ ಬಾಗಿಲಲ್ಲಿದ್ದದ್ದು ನನ್ನ ಸ್ವಂತ ತಮ್ಮ ದಾನಪ್ಪ. ಬರ್ಮಿಂಗ್‌ಹ್ಯಾಮಿನಿಂದ ಹೇಳದೆ ಬಂದಿದ್ದ. ಫೋನ್ ಮಾಡಿದ ಮೇಲೇ ತೆರೆದದ್ದು, ಸ್ನಾನ ಮಾಡುತ್ತಿದ್ದೆ ಎಂದು ಸುಳ್ಳು ಹೇಳಿದ್ದೆ.

ಇಷ್ಟು ತಿಳಿದ ಮೇಲೆ ಮನುಷ್ಯ ಸುಧಾರಿಸಬೇಕು. ನಾನು ಮಾಡಿದ್ದೇನು? ಮನೆಗೆ ಬಂದ ತಕ್ಷಣ ಲ್ಯಾಪ್‌ಟಾಪ್ ತೆರೆದು ಹೊಸ ಸ್ಲೈಡ್ ಒಂದನ್ನು ಮಾಡಿದೆ. ದಪ್ಪ ಅಕ್ಷರದಲ್ಲಿ: "ದೇಜೊಪ್ = ದಾಸೋಹ." ಎರಡೂ ದಕಾರದಿಂದ ಶುರುವಾಗುತ್ತವೆ. ಎರಡರಲ್ಲೂ ಅತಿಥಿ ಸತ್ಕಾರವಿದೆ. ಇನ್ನೇನು ಪುರಾವೆ ಬೇಕು? ಬಸವಕಲ್ಯಾಣದಿಂದ ಕೊರಿಯಾಕ್ಕೆ ಕೆಂಪು ಬಾಣ ಎಳೆದೆ. ಬಾಣ ಸಮುದ್ರ ದಾಟುವಾಗ ಸ್ವಲ್ಪ ಸೊಟ್ಟಗಾಯಿತು, ಅದನ್ನು ಗಾಳಿಯ ದಿಕ್ಕು ಎಂದುಕೊಂಡೆ.

ಅಕ್ಟೋಬರಿನ ಆ ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಮೊಸರನ್ನ ಆಗಿತ್ತು. ನಾನು ಜುಬ್ಬಾ ತೊಟ್ಟು ವೇದಿಕೆ ಹತ್ತಿ ಕೂಟದತ್ತ ನೋಡಿದರೆ, ಎರಡನೆಯ ಸಾಲಿನಲ್ಲಿ ಸೂಟು ಹಾಕಿಕೊಂಡು ಪ್ಯೋ ಮಾಸ್ತರು ಕೂತಿದ್ದಾರೆ. ಪಕ್ಕದಲ್ಲಿ ಗೋ ಅಜ್ಜಿ, ಮಡಿಲಲ್ಲಿ ಸಿಹಿಯ ಡಬ್ಬಿ. ಇಬ್ಬರ ನಡುವೆ ನನ್ನ ಮಗಳು. ಕರೆದವಳು ಅವಳೇ. ಕನ್ನಡ ಅರ್ಥವಾಗುವುದಿಲ್ಲ, ಪರವಾಗಿಲ್ಲ ಎಂದು ಒಂದು ಕ್ಷಣ ಸಮಾಧಾನ ಮಾಡಿಕೊಂಡೆ. ನಾನು ಮೊದಲ ವಾಕ್ಯ ಮುಗಿಸುತ್ತಲೇ ಸ್ಫೂರ್ತಿ ಮಾಸ್ತರ ಕಿವಿಯ ಬಳಿ ಬಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳತೊಡಗಿದಳು.

ಹದಿನಾರು ವರ್ಷ ಮಗಳಿಗೆ ಕನ್ನಡ ಸಾಲದೆಂದು ಕೊರಗಿದ್ದೆ. ಅಂದು ಅವಳ ಕನ್ನಡ ನನ್ನ ಒಂದು ಶಬ್ದವನ್ನೂ ಬಿಡಲಿಲ್ಲ.

ನಾನು ಹೇಳುತ್ತೇನೆ, ನಿಲ್ಲುತ್ತೇನೆ, ಅವಳು ಪಿಸುಗುಟ್ಟುತ್ತಾಳೆ, ಮಾಸ್ತರು ಅತ್ಯಂತ ವಿನಯದಿಂದ ತಲೆಯಾಡಿಸುತ್ತಾರೆ. ಭಿಕ್ಷು ಹೋದ, ತಲೆಯಾಡಿಸಿದರು. ಗರಡಿ ವಿದ್ಯೆ ಒಯ್ದ, ತಲೆಯಾಡಿಸಿದರು. ಎಂಟನೆಯ ಸ್ಲೈಡಿನಲ್ಲಿ "ದೇಜೊಪ್ = ದಾಸೋಹ" ಬಂತು. ಎರಡೂ ದಕಾರದಿಂದಲೇ ಆರಂಭ ಎಂದು ಹೇಳಬೇಕಿತ್ತು. ಹೇಳಿದೆ ಕೂಡ, ಆದರೆ ದನಿ ಟ್ಯೂಬ್ ರೈಲಿನ ಸ್ಟೇಷನ್ನಿನ ಪ್ರಕಟಣೆಯಂತೆ ಯಾರಿಗೂ ತಿಳಿಯದ ಹಾಗೆ ಹೊರಟಿತು. ಸ್ಫೂರ್ತಿ ಮಾತ್ರ ತಿಳಿದು ಹೇಳಿದಳು.

ಆಗ ಮುಂದಿನ ಸಾಲಿನಿಂದ ತಿಮ್ಮಯ್ಯನವರು ಕೈ ಎತ್ತಿದರು. ಮೈಸೂರು ಕಡೆಯವರು, ನಿವೃತ್ತ ಮೇಷ್ಟ್ರು, ಎಂಬತ್ತರ ಹತ್ತಿರ. ಅವರೊಬ್ಬರೇ ಮೊಸರನ್ನ ತಿನ್ನುತ್ತಿರಲಿಲ್ಲ ಎಂಬುದು ಅಂದು ಗೊತ್ತಾಯಿತು.

"ಅಲ್ಲಾ ಸ್ವಾಮಿ, ಎಲ್ಲಾ ನಮ್ಮಿಂದ್ಲೇ ಹೋಗಿದ್ದು ಅಂದ್ರೆ ಆ ಜನಕ್ಕೆ ಸ್ವಂತದ್ದು ಅಂತ ಏನೂ ಇರಲಿಲ್ವೇ? ಅವರೂ ಇಲ್ಲೇ ಕೂತವ್ರಲ್ಲ, ಒಂದು ಮಾತು ಕೇಳೋಣ."

ಎಲ್ಲರೂ ಎರಡನೆಯ ಸಾಲಿನತ್ತ ನೋಡಿದರು. ಪ್ಯೋ ಮಾಸ್ತರು ಎದ್ದು ನಿಂತು ಮೊದಲು ನನಗೆ ತಲೆಬಾಗಿದರು. ಅವರ ಇಂಗ್ಲಿಷ್ ಮಾತಿನ ಸಾರ ಇಷ್ಟು:

"ನನ್ನ ಗುರು ಓದಿದವರಲ್ಲ. ಹಳ್ಳದ ದಂಡೆಯಲ್ಲಿ ದೊಡ್ಡವರು ಆಡುವುದನ್ನು ನೋಡಿ ಕಲಿತವರು. ಬೇರು ಎಲ್ಲಿ ಎಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ದೇಶಕ್ಕೆ ಬಹಳ ಅತಿಥಿಗಳು ಬಂದರು. ಬುದ್ಧ ನಿಮ್ಮ ಕಡೆಯಿಂದ ಬಂದ. ಹಿರಿಯರಿಗೆ ಬಾಗುವ ರೀತಿ ಚೀನಾದಿಂದ ಬಂತು. ಅವರಿಗಿಂತ ಮೊದಲೇ ನಮ್ಮ ಬೆಟ್ಟಗಳೂ ನಮ್ಮ ಅಜ್ಜಿಯರೂ ಇದ್ದರು. ಎಲ್ಲರೂ ಒಂದೇ ಮನೆಯಲ್ಲಿ ಉಂಡರು. ಯಾರು ತಂದ ಅಕ್ಕಿ ನನ್ನ ಕಾಲಿನಲ್ಲಿ ಬಲವಾಗಿದೆ ಎಂದು ನಾನು ಹೇಗೆ ಹೇಳಲಿ? ಈ ಸಾರ್ ಹೇಳಿದ್ದು ಸುಳ್ಳು ಎನ್ನಲಾರೆ. ಅವರ ಬಾಣ ಮಾತ್ರ ಒಂದೇ ದಿಕ್ಕಿಗೆ ಹೋಗುತ್ತದೆ."

ಮಾತು ಬೇರೆ ಕಡೆ ತಿರುಗಿಸಲು ಮಧುಸೂದನ್ ಅವಸರದಿಂದ ಕೂಗಿದ: "ಸಾರ್, ಒಂದು ಡೆಮೊ ಆಗ್ಲಿ! ಗುರು ಶಿಷ್ಯ ಇಬ್ರೂ!"

ಮಾಸ್ತರು ಆಗಲೇ ಕೋಟು ಬಿಚ್ಚಿ ಮಡಚುತ್ತಿದ್ದರು. ಡ್ರೈ ಕ್ಲೀನಿಂಗ್‌ನವರ ಮಡಿಕೆ, ಒಂದು ಸುಕ್ಕಿಲ್ಲ. ನಾನು ಬೂಟು ಬಿಚ್ಚಿದೆ. ಬಲಗಾಲಿನ ಸಾಕ್ಸಿನಲ್ಲಿ ತೂತಿತ್ತು, ಹೆಬ್ಬೆರಳು ಹೊರಬಂದು ಸಭೆಗೆ ನಮಸ್ಕರಿಸಿತು. ಇಬ್ಬರೂ ಬಾಗಿ ವಂದಿಸಿದೆವು. ಹೆಜ್ಜೆ ಹಾಕತೊಡಗಿದೆವು. ಮಾಸ್ತರು ತಮ್ಮ ಕಾಲನ್ನು ಮುಂದಿಟ್ಟರು, ಅದು ನನಗೆ ಚೆನ್ನಾಗಿ ಸಿಗುವಂತಿತ್ತು. ಮೂರು ತಿಂಗಳಲ್ಲಿ ಒಮ್ಮೆಯೂ ಧೈರ್ಯದಿಂದ ಮುಂದೆ ಬಾರದ ಕಾಲು ನನ್ನದು. ಹೆಂಡತಿ ನೋಡುತ್ತಿದ್ದಳು, ಕೂಟವೆಲ್ಲ ನೋಡುತ್ತಿತ್ತು. ಹೋಗುವ ಮಾನ ಹೇಗೂ ಹೋಗಿದೆ ಎನ್ನಿಸಿತೋ ಏನೋ, ತೂತಿನ ಸಾಕ್ಸಿನ ಆ ಕಾಲನ್ನು ಪೂರ್ತಿ ಮುಂದಿಟ್ಟೆ.

ಮಾಸ್ತರ ಮುಖ ಅರಳಿತು. ಮರುಕ್ಷಣ ನಾನು ನೆಲದಲ್ಲಿದ್ದೆ. ಅವರ ಕೈ ನನ್ನ ಕತ್ತಿನ ಹಿಂದೆ, ಮಗುವನ್ನು ಹಿಡಿದಂತೆ ಇತ್ತು.

ನಗೆಯೂ ಚಪ್ಪಾಳೆಯೂ ಒಟ್ಟಿಗೆ ಎದ್ದವು. ನಾನು ಕೂತಲ್ಲಿಂದಲೇ ಮೈಕ್ ಕೇಳಿ ತೆಗೆದುಕೊಂಡೆ. ಇನ್ನೂ ಹದಿನಾಲ್ಕು ಸ್ಲೈಡು ಉಳಿದಿದ್ದವು.

"ಉಳಿದದ್ದು ನನಗ ಗೊತ್ತಿಲ್ರಿ," ಎಂದೆ. "ಈಗ ತೋರಿಸಿದ್ದೂ ಖರೇ ಗೊತ್ತಿದ್ದಿಲ್ಲ. ಎರಡು ಪುಟ ಓದೀನಿ, ಇಪ್ಪತ್ತು ಸಲ ಬಿದ್ದೀನಿ. ಬಿದ್ದಿದ್ದರ ಬಗ್ಗೆ ಕೇಳ್ತೀರಂದ್ರ ಹೇಳ್ತೀನಿ."

ಕೇಳುತ್ತೇವೆ ಎಂದರು. ದೇಜೊಪ್ ಎಂದರೇನು, ನೂಕುವುದಕ್ಕೂ ಹೊಡೆಯುವುದಕ್ಕೂ ಏನು ವ್ಯತ್ಯಾಸ, ಬೀಳುವವನನ್ನು ಬೀಳಿಸಿದವನೇ ಹೇಗೆ ಹಿಡಿಯುತ್ತಾನೆ, ಎಲ್ಲ ಹೇಳಿದೆ. ತಮ್ಮ ಬಂದಾಗ ಬಾಗಿಲು ತೆರೆಯದ ಕಥೆಯನ್ನೂ ಹೇಳಿಬಿಟ್ಟೆ. ಚನ್ನಬಸವ್ವ ಹಣೆ ಹಿಡಿದುಕೊಂಡಳು. ನನ್ನ ಮಾತಿನ ನಡುವೆ ಯಾರೂ ತೂಕಡಿಸದೆ ಇದ್ದದ್ದು ಆ ಕೂಟದಲ್ಲಿ ಅದೇ ಮೊದಲು.

ಸಂಜೆಯೊಳಗೆ ನಾನು ಬೀಳುವ, ಬಿದ್ದು ಮಾತಾಡುವ ವಿಡಿಯೊ ವಾಟ್ಸಾಪ್‌ನಲ್ಲಿ ಹುಬ್ಬಳ್ಳಿಯವರೆಗೆ ಹೋಯಿತು. ಅಡಿಬರಹ "ತಾತ್ವಿಕ ಬೇರುಗಳು." ದಾನಪ್ಪ ಬರ್ಮಿಂಗ್‌ಹ್ಯಾಮಿನಿಂದ ಫೋನ್ ಮಾಡಿ, "ಅಣ್ಣಾ, ಸ್ನಾನದ ಸುದ್ದಿ ನಂಗ ಅವತ್ತೇ ಗೊತ್ತಿತ್ತು ಬಿಡು, ನಿನ್ನ ತಲಿ ಒಣಗಿತ್ತು," ಎಂದ. ಕೂಟದವರು ಆಮೇಲೆ ನನಗೆ ಉಪನ್ಯಾಸ ಕೊಡಲು ಹೇಳಿಲ್ಲ, ಕುರ್ಚಿ ಜೋಡಿಸಲು ಕರೆಯುತ್ತಾರೆ.

ಕ್ಲಾಸಿಗೆ ಮಾತ್ರ ಹೋಗುತ್ತಲೇ ಇದ್ದೇನೆ. ಗಂಡನನ್ನು ಬೀಳಿಸುವ ಅಜ್ಜಿ ಹೇಗೆ ಆಡುತ್ತಾಳೆಂದು ನೋಡಲು ಬಂದ ಚನ್ನಬಸವ್ವ ಅಲ್ಲೇ ಸೇರಿಕೊಂಡಳು. ಅವಳಿಗೆ ಹೆಜ್ಜೆ ಎರಡೇ ವಾರದಲ್ಲಿ ಬಂತು. ಗೋ ಅಜ್ಜಿಗೂ ಅವಳಿಗೂ ಈಗ ಶೇಂಗಾ ಚಟ್ನಿ, ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಕೊಟ್ಟು ತೆಗೆದುಕೊಳ್ಳುವ ಸಂಬಂಧ. ಇಬ್ಬರೂ ನನ್ನ ಕಡೆ ನೋಡಿ ನಗುವಾಗ ಯಾವ ಭಾಷೆಯಲ್ಲಿ ನಗುತ್ತಾರೋ ತಿಳಿಯುವುದಿಲ್ಲ.

ಈ ವರ್ಷದ ಜೂನಿನಲ್ಲಿ ಪಾರ್ಕಿನಲ್ಲಿ ನಮ್ಮ ಕ್ಲಾಸಿನದೇ ಪಂದ್ಯವಿತ್ತು, ಮೇಲಿನ ಊರು ಕೆಳಗಿನ ಊರು ಎಂದು ಎರಡು ಪಂಗಡ ಮಾಡಿ. ನನಗೆ ಎದುರಾದವನು ಮೂವತ್ತರ ಒಬ್ಬ ದೃಢಕಾಯ, ಅಗ್ನಿಶಾಮಕ ದಳದವನು. ವಂದಿಸಿ ಕಾಲು ಮುಂದಿಟ್ಟೆ. ಅವನೂ ಇಟ್ಟ. ನಾನು ಒದೆಯಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಬೆಳಗಿನ ಮಳೆಗೆ ನೆನೆದ ಹುಲ್ಲಿನ ಮೇಲೆ ಅವನು ಜಾರಿ ದೊಪ್ಪನೆ ಬಿದ್ದ. ನಾನು ಅಭ್ಯಾಸಬಲದಿಂದ ಅವನ ತೋಳು ಹಿಡಿದೆ, ಹಿಡಿದು ಕ್ಷಮೆಯನ್ನೂ ಕೇಳಿದೆ. ನಿಯಮದ ಪ್ರಕಾರ ಗೆದ್ದವನು ನಾನು. ಐವತ್ತೈದನೆಯ ವರ್ಷಕ್ಕೆ ವೀರಭದ್ರನ ಮೊದಲ ವಿಜಯ. ಮಗಳು ಫೋಟೊ ತೆಗೆದಳು, ಹೆಂಡತಿ ನನ್ನ ತೋಳಿಗೆ ಅಂಟಿದ ಹುಲ್ಲು ಕೊಡವಿದಳು.

ಹೇಗಿತ್ತು ಎಂದು ಪ್ಯೋ ಮಾಸ್ತರನ್ನು ಕೇಳಿದೆ.

"ಹುಲ್ಲು ಬಹಳ ಚೆನ್ನಾಗಿ ಆಡಿತು," ಎಂದರು ಅವರು.